ಚಿತ್ರದ ಕೋಣೆಯಲ್ಲಿ ಮೆಹಮಾನ್ ಯಾರು?

ಹೋಟೆಲಿನ ಗೋಡೆಯ ಮೇಲಿರುವ ಚಿತ್ರವನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಮಂಚ, ಕುರ್ಚಿ, ದೀಪಗಳ ಜೊತೆಗೆ ಅದೂ ಒಂದು ಸಾಮಾನು. ಈ ಮಾತನ್ನು ಸುಳ್ಳು ಮಾಡುತ್ತೇವೆಂದು ಹೊರಟಿರುವವು ಟೋಕಿಯೋ ನಗರದ ಕಲಾ ಹೋಟೆಲುಗಳು. ಅಲ್ಲಿ ಕೋಣೆಗಾಗಿ ಚಿತ್ರವಲ್ಲ, ಚಿತ್ರಕ್ಕಾಗಿ ಕೋಣೆ. ಬಾಡಿಗೆ ಕೊಟ್ಟವರು ಚಿತ್ರದೊಳಗೇ ಮಲಗಿ ಏಳುತ್ತಾರೆ. ಇದು ಕಲೆಗೆ ಸಂದ ಗೌರವವೋ ಅಥವಾ ಅದನ್ನು ಸಾಮಾನಾಗಿಸುವ ಇನ್ನೂ ನಾಜೂಕಾದ ಉಪಾಯವೋ ಎಂಬುದು ನಮ್ಮನ್ನು ಕಾಡುವ ಪ್ರಶ್ನೆ.

ಟೋಕಿಯೋದ ಷಿಯೋದೋಮೆ ಚರಿತ್ರೆಯಿರುವ ಜಾಗ. 1872ರಲ್ಲಿ ಜಪಾನಿನ ಮೊದಲ ರೈಲುಮಾರ್ಗ ಆರಂಭವಾದಾಗ ಅದರ ಷಿಂಬಾಷಿ ನಿಲ್ದಾಣ ಇದ್ದದ್ದು ಇಲ್ಲೇ. ಈಗ ಅಲ್ಲಿ ಗಾಜಿನ ಗೋಪುರಗಳು ನಿಂತಿವೆ. ಅಂಥದೊಂದು ಗೋಪುರದ ಮೇಲಿನ ಮಹಡಿಗಳಲ್ಲಿ 2003ರಲ್ಲಿ ಪಾರ್ಕ್ ಹೋಟೆಲ್ ಟೋಕಿಯೋ ತೆರೆಯಿತು. ಅತಿಥಿಗಳನ್ನು ಸ್ವಾಗತಿಸುವ ಹಜಾರವೇ 25ನೇ ಮಹಡಿಯಲ್ಲಿದೆ. 2012ರಲ್ಲಿ ಹೋಟೆಲಿನವರು ಹೊಸದೊಂದು ಯೋಜನೆ ಆರಂಭಿಸಿದರು. ಒಬ್ಬೊಬ್ಬ ಕಲಾವಿದನಿಗೆ ಒಂದೊಂದು ಕೋಣೆ. ಆತ ಅಲ್ಲೇ ತಂಗಿ ನೇರವಾಗಿ ಗೋಡೆಯ ಮೇಲೆ ಚಿತ್ರ ಬರೆಯಬೇಕು. 2016ರ ಹೊತ್ತಿಗೆ 31ನೇ ಮಹಡಿಯ 31 ಕೋಣೆಗಳೂ ಹೀಗೆ ಚಿತ್ರದ ಕೋಣೆಗಳಾದವು. ಹಿರೋಯುಕಿ ಕಿಮುರಾ ಸುಮೋ ಮಲ್ಲರನ್ನು ಬರೆದರು. ಹಿರೋಕೋ ಓತಾಕೆ ಚೆರಿ ಹೂಗಳನ್ನು ಅರಳಿಸಿದರು.

ಸುಮೋ, ಚೆರಿ, ಝೆನ್. ವಿಷಯಗಳ ಪಟ್ಟಿ ನೋಡಿದರೆ ಇದು ವಿಮಾನದಿಂದ ಇಳಿಯುವ ಮೊದಲೇ ವಿದೇಶಿಯ ತಲೆಯಲ್ಲಿರುವ ಜಪಾನ್. ಕೊನೆಯ ರೈಲಿಗಾಗಿ ಓಡುವ ಕಚೇರಿ ನೌಕರ, ಮಧ್ಯರಾತ್ರಿಯ ಅಂಗಡಿಯಲ್ಲಿ ಒಬ್ಬನೇ ಊಟ ಕೊಳ್ಳುವ ಮುದುಕ ಈ ಜಪಾನಿನಲ್ಲಿಲ್ಲ. ಆದರೂ ಒಂದು ಲಾಭವನ್ನು ನಾವು ಅಲ್ಲಗಳೆಯಲಾರೆವು. ವಸ್ತುಸಂಗ್ರಹಾಲಯದಲ್ಲಿ ನಾವು ಒಂದು ಚಿತ್ರಕ್ಕೆ ಕೊಡುವುದು ಕೆಲವು ಕ್ಷಣಗಳನ್ನು ಮಾತ್ರ. ಇಲ್ಲಿ ಇಡೀ ರಾತ್ರಿ ಇದೆ. ದೀಪ ಆರಿಸಿದ ಮೇಲೆ ಕಿಟಕಿಯಿಂದ ಬರುವ ನಗರದ ಬೆಳಕಿನಲ್ಲಿ ಒಂದು ಚಿತ್ರ, ಮುಂಜಾನೆಯ ಬೆಳಕಿನಲ್ಲಿ ಮತ್ತೊಂದು. ಸಣ್ಣ ಕೋಣೆಯಲ್ಲಿ ಸುಮೋ ಮಲ್ಲನ ದೇಹದ ಭಾರ ಮೈಗೇ ತಾಗುತ್ತದೆ. ಅದೇ ಚಿತ್ರ ದೊಡ್ಡ ಹಜಾರದಲ್ಲಿದ್ದರೆ ಈ ಅನುಭವ ಆಗುತ್ತಿರಲಿಲ್ಲ.

ಆದರೆ ಜಪಾನಿನ ಮನೆಗಳಲ್ಲಿ ಚಿತ್ರಕ್ಕೂ ಅತಿಥಿಗೂ ಇದ್ದ ಹಳೆಯ ಸಂಬಂಧ ಬೇರೆಯೇ. ಅಲ್ಲಿನ ಸಾಂಪ್ರದಾಯಿಕ ಕೋಣೆಯಲ್ಲಿ ತೊಕೊನೊಮಾ ಎಂಬ ಗೂಡಿರುತ್ತದೆ. ಅದರಲ್ಲಿ ಒಂದೇ ಒಂದು ಸುರುಳಿ ಚಿತ್ರವನ್ನೋ ಬರಹವನ್ನೋ ತೂಗುಹಾಕುತ್ತಾರೆ. ಅದರೊಳಗೆ ಯಾರೂ ಕಾಲಿಡುವುದಿಲ್ಲ. ಗೌರವದ ಅತಿಥಿಗೆ ಅದರ ಪಕ್ಕದಲ್ಲೇ ಜಾಗ. ಚಹಾದ ಕೂಟಕ್ಕೆ ಬಂದವರು ಮೊದಲು ಆ ಸುರುಳಿಯ ಮುಂದೆ ಕುಳಿತು ತಲೆಬಾಗುತ್ತಾರೆ. ಈ ಋತುವಿಗೆ, ಈ ಅತಿಥಿಗೆ ಯಾವ ಚಿತ್ರ ಒಪ್ಪುತ್ತದೆಂದು ಯೋಚಿಸಿ ಆರಿಸುವುದು ಮನೆಯವರ ಕೆಲಸ. ಕೂಟ ಮುಗಿದ ಮೇಲೆ ಚಿತ್ರ ಮತ್ತೆ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತದೆ.

ಉರ್ದುವಿನಲ್ಲಿ ಮೆಹಮಾನ್, ಮೇಜ್ಬಾನ್ ಎಂಬ ಜೋಡಿ ಪದಗಳಿವೆ. ತೊಕೊನೊಮಾದ ಚಿತ್ರ ಮೇಜ್ಬಾನನು ಮೆಹಮಾನನಿಗೆ ಹೇಳುವ ಮಾತು. ಕಲಾ ಹೋಟೆಲಿನಲ್ಲಿ ಈ ವ್ಯವಹಾರ ತಲೆಕೆಳಗಾಗಿದೆ. ಚಿತ್ರವನ್ನು ಆರಿಸುವವನು ಮೆಹಮಾನ್, ಅದೂ ಹಣ ಕೊಟ್ಟು. ಚಿತ್ರ ಕದಲುವುದಿಲ್ಲ, ಅದರ ಮುಂದೆ ಮನುಷ್ಯರು ದಿನಕ್ಕೊಬ್ಬರಂತೆ ಬದಲಾಗುತ್ತಾರೆ. ಯಾರಿಗಾಗಿಯೂ ಆರಿಸದ ಚಿತ್ರ ಎಲ್ಲರಿಗೂ ಒಂದೇ ಮಾತನ್ನು ಹೇಳುತ್ತಿರುತ್ತದೆ.

ಚಿತ್ರ ಎಲ್ಲಿದೆ ಎಂಬುದರಿಂದ ಅದರ ಸ್ಥಾನ ಬದಲಾಗುತ್ತದೆ ಎಂಬುದು ಮುಸ್ಲಿಮರಿಗೆ ಹೊಸ ವಿಚಾರವಲ್ಲ. ಹಝ್ರತ್ ಆಯಿಶಾ(ರ)ರ ಮನೆಯಲ್ಲಿದ್ದ ಚಿತ್ರದ ಪರದೆಯ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿವರ್ಯರು(ಸ) ಅದನ್ನು ಮೆಚ್ಚಲಿಲ್ಲ. ಆಮೇಲೆ ಆ ಬಟ್ಟೆಯನ್ನು ಹರಿದು ದಿಂಬು ಮಾಡಲಾಯಿತು. ಎತ್ತರದಲ್ಲಿ ತೂಗುವ ಚಿತ್ರ ಬೇರೆ, ಒರಗಿಕೊಳ್ಳುವ ದಿಂಬಿನ ಚಿತ್ರ ಬೇರೆ ಎಂದು ಹಲವು ವಿದ್ವಾಂಸರು ಇದರಿಂದ ತೀರ್ಮಾನಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ಟೋಕಿಯೋದಲ್ಲಿ ಕಿಬ್ಲಾ ಪಶ್ಚಿಮದಿಂದ ತುಸು ವಾಯವ್ಯಕ್ಕೆ. ಆ ಗೋಡೆಯ ತುಂಬ ಸುಮೋ ಮಲ್ಲ ನಿಂತಿದ್ದರೆ ಮುಸಲ್ಲಾ ಹಾಸುವವರು ಬೇರೆ ಕೋಣೆ ಹುಡುಕಬೇಕಾದೀತು. ಆದರೆ ನಮಗೆ ಇಲ್ಲಿ ಮುಖ್ಯವಾದದ್ದು ಆ ಚರ್ಚೆಯ ಹಿಂದಿರುವ ಸೂಕ್ಷ್ಮ. ಕಲಾ ಹೋಟೆಲು ಚಿತ್ರವನ್ನು ಪರದೆಯಂತೆ ಎತ್ತರಕ್ಕೇರಿಸಿ ತೋರಿಸುತ್ತದೆ, ದಿಂಬಿನಂತೆ ಬಳಸುತ್ತದೆ.

ಹಣದ ವಿಷಯಕ್ಕೆ ಬರೋಣ. ಟೋಕಿಯೋದ ಕೋಎಂಜಿಯಲ್ಲಿ 2016ರಲ್ಲಿ ಎರಡೇ ಕೋಣೆಗಳಿಂದ ಆರಂಭವಾದ ಬಿಎನ್‌ಎ ಎಂಬ ಪುಟ್ಟ ಹೋಟೆಲಿನವರು ಒಂದು ನಿಯಮ ಮಾಡಿಕೊಂಡರು. ಕೋಣೆಯ ಗಳಿಕೆಯಲ್ಲಿ ಒಂದು ಪಾಲು ಅದನ್ನು ರೂಪಿಸಿದ ಕಲಾವಿದರಿಗೆ. 2021ರಲ್ಲಿ ನಿಹೋಂಬಾಷಿಯಲ್ಲಿ ತೆರೆದ ದೊಡ್ಡ ಹೋಟೆಲಿಗೂ ಇದೇ ಆಧಾರ. ನಮ್ಮ ಮಟ್ಟಿಗೆ ಈ ಹೋಟೆಲುಗಳಲ್ಲಿ ನಿಜಕ್ಕೂ ಹೊಸದಾದದ್ದು ಬಣ್ಣವಲ್ಲ, ಈ ಲೆಕ್ಕ. ಕತೆ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಮ್ಮೆ ಸಂಭಾವನೆ ಪಡೆದು ಬರೆದದ್ದನ್ನು ಮರೆಯುವುದು ಬೇರೆ, ಪ್ರತಿ ಓದಿನಲ್ಲೂ ಪಾಲು ಪಡೆಯುವುದು ಬೇರೆ.

ಪಾಲು ಸಿಕ್ಕರೂ ಒಂದು ಅಳುಕು ಉಳಿಯುತ್ತದೆ. ಸುರುಳಿ ಚಿತ್ರವನ್ನು ಬೆಂಕಿ ಬಿದ್ದಾಗ ಕಂಕುಳಲ್ಲಿ ಇಟ್ಟುಕೊಂಡು ಓಡಬಹುದು. ಗೋಡೆಯ ಚಿತ್ರ ಗೋಡೆಯ ಜೊತೆಗೇ ಹೋಗುತ್ತದೆ. ಟೋಕಿಯೋ ಕಟ್ಟಿದ್ದನ್ನು ಉಳಿಸಿಕೊಳ್ಳುವ ಊರಲ್ಲ. ಮೆಗುರೋದ ಹಳೆಯ ಹೋಟೆಲೊಂದನ್ನು ನವೀಕರಿಸಿ 2003ರಲ್ಲಿ ತೆರೆದ ಕ್ಲಾಸ್ಕಾ, ಇಂಥ ಹೋಟೆಲುಗಳಿಗೆಲ್ಲ ಹಿರಿಯಣ್ಣ ಎನಿಸಿಕೊಂಡಿತ್ತು. 2020ರ ಡಿಸೆಂಬರಿನಲ್ಲಿ ಅದು ಬಾಗಿಲು ಮುಚ್ಚಿತು. ಷಿಯೋದೋಮೆಯಿಂದ ನಡೆದುಹೋಗುವಷ್ಟು ದೂರದಲ್ಲಿದ್ದ, ವಾಸ್ತುಶಿಲ್ಪಿ ಕಿಶೋ ಕುರೊಕಾವಾರ 1972ರ ನಕಾಗಿನ್ ಕ್ಯಾಪ್ಸೂಲ್ ಗೋಪುರವನ್ನು 2022ರಲ್ಲಿ ಕೆಡವಲಾಯಿತು. ಅದರ 140 ಗೂಡುಗಳಲ್ಲಿ ಕೆಲವು ಉಳಿದವು. ಬಿಚ್ಚಿ ಸಾಗಿಸುವಂತೆ ಕಟ್ಟಿದ್ದರಿಂದ ಉಳಿದವು. 31ನೇ ಮಹಡಿಯ ಗೋಡೆಗಳಿಗೆ ಆ ಭಾಗ್ಯವಿಲ್ಲ.

ಇಷ್ಟೆಲ್ಲ ಹೇಳಿದರೂ ಕಲಾ ಹೋಟೆಲುಗಳನ್ನು ತಿರಸ್ಕರಿಸುವ ಮನಸ್ಸು ನಮಗಿಲ್ಲ. ಆ ಚಿತ್ರಗಳನ್ನು ನಿಜವಾಗಿ ದಿನವೂ ನೋಡುವವರು ಯಾರೆಂದು ಯೋಚಿಸಿ. ಅತಿಥಿಯಲ್ಲ, ಮಾಲೀಕನೂ ಅಲ್ಲ, ಬೆಳಿಗ್ಗೆ ಬಂದು ಹಾಸಿಗೆಯ ಚಾದರ ಬದಲಿಸುವ ಕೆಲಸಗಾರರು. ಒಂದೇ ಚಿತ್ರವನ್ನು ಎಲ್ಲ ಋತುಗಳಲ್ಲಿ, ಎಲ್ಲ ಬೆಳಕಿನಲ್ಲಿ ಕಂಡವರು ಅವರೇ. ಕೋಣೆಯ ವಿವರಣೆಯ ಕಾಗದದಲ್ಲಿ ಕಲಾವಿದರ ಹೆಸರಿದೆ, ಇವರ ಹೆಸರಿಲ್ಲ.

ಅಂಥ ಕೋಣೆಯಲ್ಲಿ ತಂಗುವ ಅವಕಾಶ ಬಂದವರು ಖಂಡಿತ ತಂಗಲಿ. ಫೋಟೋ ತೆಗೆಯುವ ಮುಂಚೆ ಎರಡು ಪ್ರಶ್ನೆ ಕೇಳಲಿ: ಇದನ್ನು ಬರೆದವರು ಯಾರು, ಈ ರಾತ್ರಿಯ ಬಾಡಿಗೆಯಲ್ಲಿ ಅವರಿಗೆ ಸಲ್ಲುವುದೆಷ್ಟು? ಉತ್ತರ ಕೊಡಲು ಹಿಂಜರಿಯದ ಹೋಟೆಲಿನಲ್ಲಿ ಚಿತ್ರಕ್ಕೆ ಮರ್ಯಾದೆಯಿದೆ ಎಂದು ನಂಬಬಹುದು.