ವಂಶಚರಿತ್ರೆಯಲ್ಲಿ ಅರ್ಧ ಸಾಲು

ಊರು ಬಿಟ್ಟು ಬಂದವರಿಗೆ ವಂಶಚರಿತ್ರೆ ಬರೆಸುವ ಹುಮ್ಮಸ್ಸು ಹೆಚ್ಚು. ಚೆನ್ನೈಯ ಕನ್ನಡ ಮನೆಗಳಲ್ಲಿ ಮದುವೆ, ಷಷ್ಟ್ಯಬ್ದಿಗಳ ನೆಪದಲ್ಲಿ ಅಚ್ಚಾಗುವ ಇಂಥ ಪುಸ್ತಿಕೆಗಳು ಕೈಗೆ ಬಂದರೆ ನಾವು ಬಿಡದೆ ಓದುತ್ತೇವೆ. ಯಾರು ಯಾವ ಹುದ್ದೆಯಿಂದ ನಿವೃತ್ತರಾದರು, ಯಾರ ಮಗ ಯಾವ ದೇಶದಲ್ಲಿದ್ದಾನೆ, ಇವಕ್ಕೆಲ್ಲ ಪುಟಗಟ್ಟಲೆ ಜಾಗ. ಈಚೆಗೆ ಓದಿದ ಒಂದರಲ್ಲಿ ಒಬ್ಬ ಹಿರಿಯರ ಪಾಲಿಗೆ ಬಂದದ್ದು ಅರ್ಧ ಸಾಲು: ಕೆಲಕಾಲ ಸೈನ್ಯದಲ್ಲಿದ್ದು ಬಳಿಕ ಬೇಸಾಯ ಮಾಡಿಕೊಂಡಿದ್ದರು.

ಯಾವ ಪಡೆ, ಯಾವ ರಣರಂಗ? ಎರಡನೆಯ ಮಹಾಯುದ್ಧ ಮುಗಿದ 1945ರ ಹೊತ್ತಿಗೆ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು, ಬಹುಪಾಲು ಹಳ್ಳಿಗರು. ಬರ್ಮಾದಿಂದಲೋ ಆಫ್ರಿಕದಿಂದಲೋ ಹಿಂದಿರುಗಿ ನೇಗಿಲು ಹಿಡಿದವರು ತಾವಾಗಿ ಬಾಯಿ ಬಿಡಲಿಲ್ಲ. ಮನೆಯವರೂ ಕೇಳಲಿಲ್ಲ.

ಬರೆದವರನ್ನೇ ದೂರುವುದು ನ್ಯಾಯವಲ್ಲ. ನಮ್ಮ ಪರಂಪರೆಯೇ ಹಾಗಿದೆ. ವೀರಗಲ್ಲನ್ನು ನೋಡಿ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸತ್ತವನಿಗೆ ಮೂರು ಪಟ್ಟಿಕೆ. ಬದುಕಿ ಮನೆಗೆ ಬಂದವನಿಗೆ ಒಂದೂ ಇಲ್ಲ!

ಆದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಬೇರೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಇದು ಸುಮಾರು ಕ್ರಿ.ಶ. 950ರದು. ಅದು ಹೇಳುವ ಯುದ್ಧ ನಡೆದದ್ದು ನಮ್ಮ ಪಕ್ಕದಲ್ಲೇ, ಅರಕ್ಕೋಣದ ಬಳಿಯ ತಕ್ಕೋಲದಲ್ಲಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. (ಆ ದಾರಿಯಲ್ಲಿ ರೈಲಿನಲ್ಲಿ ಓಡಾಡುವ ನಮ್ಮವರಲ್ಲಿ ಎಷ್ಟು ಜನ ಇದನ್ನು ನೆನೆಯುತ್ತಾರೋ!) ಬೂತುಗನ ಆಳು ಮಣಲೇರ ಅಲ್ಲಿ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು.

ಮುಂದೆ ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಕಲ್ಲಿನ ಮೇಲೆ ಕೆತ್ತಿರುವುದೂ ನಾಯಿ, ಹಂದಿಗಳನ್ನೇ. ಶಾಸನಕಾರ ಯಾರನ್ನೂ ಅತಿಯಾಗಿ ಹೊಗಳಲಿಲ್ಲ ಎನ್ನಲಾರೆವು. ರಾಜರ ಬಿರುದುಗಳಿಗೆ ಅವನಲ್ಲೂ ಬರವಿಲ್ಲ. ಆದರೂ ನಾಯಿಯ ಹೆಸರನ್ನು ಬಿಡಲಿಲ್ಲ, ಹಂದಿ ಎದುರಾದ ಗುಡ್ಡದ ದಿಕ್ಕನ್ನು ಬಿಡಲಿಲ್ಲ. ಮಹಾಯುದ್ಧದಿಂದ ಬಂದವನಿಗೆ ಬೇಕಾದದ್ದು ಒಂದು ನಾಯಿ ಎಂಬ ಒಂದೇ ಸಂಗತಿಯಿಂದ ಸಾವಿರ ವರ್ಷದ ಹಿಂದಿನ ಮನುಷ್ಯ ನಮಗೆ ಗುರುತು ಸಿಗುತ್ತಾನೆ. ಮಣಲೇರ ಆಮೇಲೆ ಹೇಗೆ ಬಾಳಿದ, ರಾತ್ರಿ ನಿದ್ದೆ ಬರುತ್ತಿತ್ತೇ ಎಂಬುದನ್ನು ಮಾತ್ರ ಆ ಕಲ್ಲೂ ಹೇಳದು. ನಾಯಿಗೆ ಸಿಕ್ಕ ಮರ್ಯಾದೆ ಯಜಮಾನನಿಗೆ ಸಿಗಲಿಲ್ಲ.

ಪುಸ್ತಿಕೆಯ ಆ ಹಿರಿಯರಿಗೂ ಒಂದು ಕಾಳಿ ಇದ್ದಿರಬೇಕು: ಒಂದು ಟ್ರಂಕು, ಬಿಡುಗಡೆಯ ಕಾಗದ, ಬರ್ಮೀ ಭಾಷೆಯ ನಾಲ್ಕು ಪದ, ಇಲ್ಲವೇ ಪಟಾಕಿ ಸದ್ದಿಗೆ ಗದ್ದೆಯ ಕಡೆ ಎದ್ದುಹೋಗುವ ಅಭ್ಯಾಸ. ಸಂಪಾದಕರು ಯಾರನ್ನು ಕೇಳಬೇಕಿತ್ತು ಎನ್ನುವಿರೋ? ಹಿರಿಯರ ಮಗಳು ಈಗಲೂ ಊರಿನ ಮನೆಯಲ್ಲೇ ಇದ್ದಾರೆ. ಅವರ ಪೂರ್ಣ ವಿಳಾಸ ಅದೇ ಪುಸ್ತಿಕೆಯ ಕೊನೆಯ ಪುಟದಲ್ಲಿ, ಪಿನ್‌ಕೋಡ್ ಸಮೇತ ಅಚ್ಚಾಗಿದೆ.