ಇನ್ನೊಬ್ಬರ ಗ್ರಂಥ, ನಮ್ಮ ಓದು

ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಮಗ್ಗಗಳ ಸದ್ದಿನ ನಡುವೆ ಬದುಕುವವರಿಗೆ ‘ಹಾಸುಹೊಕ್ಕು’ ಬರಿಯ ನುಡಿಗಟ್ಟಲ್ಲ. ಹಾಸಿನ ಎಳೆ ಮೊದಲೇ ಬಿಗಿದಿರುತ್ತದೆ. ಹೊಕ್ಕಿನ ಎಳೆ ಆಮೇಲೆ ಬರುತ್ತದೆ. ಕ್ರೈಸ್ತರ ಮೊದಮೊದಲ ಪತ್ರಗಳನ್ನು ಓದುವಾಗ ನಮಗೆ ಇದು ನೆನಪಾಗುತ್ತದೆ. ಅಲ್ಲಿ ಹಾಸು ಹೀಬ್ರೂ ಪ್ರವಾದಿಗಳದು, ಹೊಕ್ಕು ಪತ್ರ ಬರೆದವರದು.

ಒಂದು ಉದಾಹರಣೆ ನೋಡೋಣ. ಕ್ರಿಸ್ತಪೂರ್ವ ಏಳನೇ ಶತಮಾನದ ಕೊನೆಯ ಹೊತ್ತಿಗೆ ಪ್ರವಾದಿ ಹಬಕ್ಕೂಕ, ಅನ್ಯಾಯ ನೋಡಿಯೂ ಸುಮ್ಮನಿರುವುದೇಕೆಂದು ದೇವರನ್ನೇ ಕೇಳುತ್ತಾನೆ. ಸಿಕ್ಕ ಉತ್ತರದ ಸಾರ: ನೀತಿವಂತನು ತನ್ನ ‘ಎಮುನಾ’ದಿಂದ ಬಾಳುತ್ತಾನೆ. ಉರ್ದು ಕಲಿತ ನಮ್ಮ ಕಿವಿಗೆ ಈ ಪದ ಪರಕೀಯವಲ್ಲ. ಈಮಾನ್, ಅಮಾನತ್, ಅಮೀನ್ ಎಲ್ಲವೂ ಅದೇ ಬೇರಿನವು. ಎಮುನಾ ಎಂದರೆ ನಂಬುವುದಕ್ಕಿಂತ ಮೊದಲು, ನಂಬಿಕೆಗೆ ತಕ್ಕವನಾಗಿ ನಿಲ್ಲುವುದು.

ಸುಮಾರು ಕ್ರಿ.ಶ. 57ರಲ್ಲಿ ರೋಮಾಪುರದವರಿಗೆ ಪತ್ರ ಬರೆದ ಪೌಲ ಈ ಸಾಲನ್ನು ಗ್ರೀಕಿನಲ್ಲಿ ಉದ್ಧರಿಸುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲೂ ಅದೇ ಸಾಲಿದೆ. ಆದರೆ ‘ತನ್ನ’ ಎಂಬುದು ಬಿಟ್ಟುಹೋಗಿದೆ. ಮೃತಸಮುದ್ರದ ಬಳಿಯ ಗುಹೆಯಲ್ಲಿ 1947ರಲ್ಲಿ ದೊರೆತ, ಪೌಲನಿಗಿಂತ ಹಳೆಯ ವ್ಯಾಖ್ಯಾನವೊಂದು ಈ ಸಾಲನ್ನು ಧರ್ಮಶಾಸ್ತ್ರ ಪಾಲಿಸುವವರಿಗೆ, ತಮ್ಮ ಗುರುವಿಗೆ ನಿಷ್ಠರಾದವರಿಗೆ ಅನ್ವಯಿಸುತ್ತದೆ. ಶಾಸ್ತ್ರಾಚರಣೆಯಿಂದಲ್ಲ, ನಂಬಿಕೆಯಿಂದಲೇ ಬಿಡುಗಡೆ ಎನ್ನಲು ಪೌಲನಿಗೂ ಅದೇ ಸಾಲು ಬೇಕಾಯಿತು!

ಇದು ಕಳವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಪೌಲ ಸ್ವತಃ ಯೆಹೂದಿ. ತನ್ನ ಮನೆಯ ಮಾತನ್ನೇ ಹೊಸ ಕಾಲಕ್ಕೆ ಹೇಳಿದವನು. ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಯೆಹೂದ್ಯೇತರರಿಗೆ ಅವನು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ: ಕಸಿ ಕಟ್ಟಿದ ಕೊಂಬೆ ಮರದ ಬೇರಿನೆದುರು ಜಂಭ ಪಡಬಾರದು. ತಪ್ಪಾದದ್ದು ಆಮೇಲೆ. ಉದ್ಧರಣೆ ಉಳಿಯಿತು, ಎಚ್ಚರಿಕೆ ಮರೆತುಹೋಯಿತು. ಪ್ರವಾದಿಗಳ ಗ್ರಂಥವನ್ನು ಎದೆಗವಚಿಕೊಂಡ ಯೂರೋಪು, ಆ ಗ್ರಂಥವನ್ನು ಕೊಟ್ಟ ಜನರನ್ನು ಶತಮಾನಗಳ ಕಾಲ ಹಿಂಸಿಸಿತು.

ಈ ಮರೆವು ಅವರದಷ್ಟೇ ಎಂದು ನಾವು ಬೀಗುವಂತಿಲ್ಲ. ಇಬ್ರಾಹೀಮರನ್ನು, ಮೂಸಾರನ್ನು ನಮ್ಮವರೆನ್ನುವ ನಾವು, ಅವರ ಕಥೆಗಳನ್ನು ನಮಗಿಂತ ಮೊದಲು ಜೋಪಾನ ಮಾಡಿದವರನ್ನು ಎಷ್ಟು ಸಲ ಆದರದಿಂದ ನೆನೆದಿದ್ದೇವೆ?

ಪೌಲನ ಪದಕ್ಕೆ ಕನ್ನಡ ಬೈಬಲು ‘ನಂಬಿಕೆ’ ಎನ್ನುತ್ತದೆ. ‘ನಂಬು’ ಎಂಬ ಆ ಧಾತುವಿನಿಂದಲೇ ‘ನಂಬಿಗಸ್ತ’ ಎಂಬ ಮಾತೂ ಬಂದಿದೆ. ಹೀಬ್ರೂ ಪದದ ಎರಡೂ ಅರ್ಥಗಳು ಕನ್ನಡದಲ್ಲಿ ಒಂದೇ ಬೇರಿನಲ್ಲಿ ಸಿಗುತ್ತವೆ. ಇನ್ನೊಬ್ಬರ ಗ್ರಂಥದಿಂದ ಮಾತು ತೆಗೆದುಕೊಳ್ಳುವವನಿಗೆ ನಂಬಿಕೆಯೊಂದೇ ಸಾಲದು. ಅವನು ನಂಬಿಗಸ್ತನೂ ಆಗಿರಬೇಕು.