ಗುರುತ್ವ ತರಂಗ ಮತ್ತು ‘ಅನುರಣನ’: ಒಂದು ಶಬ್ದವಿಮರ್ಶೆ

೨೦೧೫ನೆಯ ಇಸವಿಯ ಸೆಪ್ಟೆಂಬರ್ ೧೪ರಂದು ಅಮೆರಿಕದ ಲೈಗೋ ಯಂತ್ರಗಳು, ಎರಡು ಕೃಷ್ಣವಿವರಗಳ ಸಂಗಮದಿಂದ ಹೊರಟ ಗುರುತ್ವ ತರಂಗವನ್ನು ಮೊಟ್ಟಮೊದಲು ಗುರುತಿಸಿದವು. ಆ ವಾರ್ತೆಯ ಬೆನ್ನಿಗೇ ‘ವಿಶ್ವದ ದನಿ ಕೇಳಿಸಿತು’ ಎಂಬ ಮಾತು ಎಲ್ಲೆಡೆ ಹಬ್ಬಿ ಕನ್ನಡಕ್ಕೂ ಬಂದಿತು. ಈ ರೂಪಕವು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ವಸ್ತುತಃ ಅಲ್ಲಿ ಶಬ್ದವಿರಲಿಲ್ಲ. ೪ ಕಿಲೋಮೀಟರ್ ನೀಳದ ಎರಡು ತೋಳುಗಳಲ್ಲಿ ಲೇಸರ್ ಕಿರಣವನ್ನು ಹಾಯಿಸಿ, ಕನ್ನಡಿಗಳ ನಡುವಣ ದೂರದಲ್ಲಾದ ವ್ಯತ್ಯಾಸವನ್ನು ಅಳೆದರು. ಅದು ಪ್ರೋಟಾನಿನ ವ್ಯಾಸದ ಒಂದು ಶತಾಂಶಕ್ಕಿಂತಲೂ ಕಡಮೆ. ಕಂಪನದ ಆವೃತ್ತಿಯು ಸೆಕೆಂಡಿಗೆ ಸುಮಾರು ೩೫ರಿಂದ ೨೫೦ರವರೆಗೆ ಏರಿತು. ಇದು ಮಾನವಶ್ರವಣದ ಎಲ್ಲೆಯೊಳಗೇ ಇದ್ದುದರಿಂದ ಅದನ್ನು ಧ್ವನಿಯಾಗಿ ಪರಿವರ್ತಿಸಲು ಸಾಧ್ಯವಾಯಿತು. ರೂಪಕ ಹುಟ್ಟಿದುದು ಹೀಗೆ.

ಆದರೆ ಮುಂಬರುವ ಯಂತ್ರಕ್ಕೆ ಇದು ಸಲ್ಲದು. ಲೋಕಲ್ ಗಾಡಿ ಹಾದಾಗ ಕಿಟಕಿಯ ಗಾಜು ಅದುರುವುದನ್ನು ಮುಂಬಯಿವಾಸಿಗಳಾದ ನಾವು ಬಲ್ಲೆವು. ಎಷ್ಟೇ ಪ್ರಶಾಂತವಾದ ಎಡೆಯಲ್ಲೂ ನೆಲವು ಪೂರ್ಣ ನಿಶ್ಚಲವಲ್ಲ. ನಿಧಾನವಾದ ತರಂಗಗಳು ಆ ಅದುರಿನಲ್ಲಿ ಮುಚ್ಚಿಹೋಗುತ್ತವೆ. ೨೦೨೩ರಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದ, ಹಿಂಗೋಲಿ ಜಿಲ್ಲೆಯ ಲೈಗೋ-ಇಂಡಿಯಾಕ್ಕೂ ಈ ಮಿತಿ ತಪ್ಪದು. ಆದುದರಿಂದಲೇ ಯುರೋಪಿನ ಬಾಹ್ಯಾಕಾಶ ಸಂಸ್ಥೆಯು ೨೦೨೪ರಲ್ಲಿ ಅಂಗೀಕರಿಸಿದ ಲೀಸಾ ಯೋಜನೆಯಲ್ಲಿ ಮೂರು ನೌಕೆಗಳು ಪರಸ್ಪರ ಸುಮಾರು ೨೫ ಲಕ್ಷ ಕಿಲೋಮೀಟರ್ ಅಂತರದಲ್ಲಿದ್ದು ಸೂರ್ಯನನ್ನು ಸುತ್ತತಕ್ಕವು. ಅವು ಅರಸುವ ತರಂಗಗಳ ಒಂದು ಏರಿಳಿತಕ್ಕೆ ಹಲವು ನಿಮಿಷಗಳು, ಕೆಲವೊಮ್ಮೆ ಗಂಟೆಗಳೇ ಬೇಕು. ಅದನ್ನು ಯಾವ ಕಿವಿ ಕೇಳೀತು?

ಹಾಗಾದರೆ ನಾದದ ರೂಪಕವನ್ನೇ ತ್ಯಜಿಸಬೇಕೆ? ಬೇಕಿಲ್ಲ. ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರೂ ಭೌತವಿಜ್ಞಾನಿಯೂ ಆದ ಸಿ. ವಿ. ವಿಶ್ವೇಶ್ವರ (೧೯೩೮–೨೦೧೭) ಅವರು ೧೯೭೦ರಲ್ಲಿಯೇ ಗಣಿತದಿಂದ ಒಂದು ಸಂಗತಿಯನ್ನು ತೋರಿಸಿದ್ದರು: ಕ್ಷೋಭೆಗೊಂಡ ಕೃಷ್ಣವಿವರವು, ಬಡಿದ ಗಂಟೆಯಂತೆ, ಕ್ರಮೇಣ ಕ್ಷೀಣಿಸುವ ತರಂಗವನ್ನು ಹೊರಸೂಸುತ್ತದೆ, ಅದರ ಆವೃತ್ತಿ ಮತ್ತು ಕ್ಷಯಗಳಿಂದ ಕೃಷ್ಣವಿವರದ ದ್ರವ್ಯರಾಶಿಯನ್ನು ಅರಿಯಬಹುದು. ಇದಕ್ಕೆ ‘ಅನುರಣನ’ ಎಂಬುದೇ ಯುಕ್ತವಾದ ಹೆಸರು. ವಾಚ್ಯಾರ್ಥದ ಬೆನ್ನಿಗೆ, ಗಂಟೆಯ ಅನುನಾದದಂತೆ, ಕ್ರಮವರಿತು ಹೊಳೆಯುವ ವ್ಯಂಗ್ಯವನ್ನು ನಮ್ಮ ಆಲಂಕಾರಿಕರು ಕರೆದುದು ಈ ಹೆಸರಿನಿಂದಲೇ. ಪೆಟ್ಟು ಮೊದಲು, ಮೊಳಗು ಆಮೇಲೆ. ಕಾಣದ ವಸ್ತುವಿನ ಅರಿವು ಆ ಮೊಳಗಿನಿಂದ. ಕೇಳುವ ಕಿವಿ ಇರಲಿ ಇಲ್ಲದಿರಲಿ, ಈ ಕ್ರಮವು ಲೈಗೋಗೂ ಲೀಸಾಗೂ ಸಮಾನ. ಆದರೆ ಸಹೃದಯನ ಸ್ಥಾನದಲ್ಲಿ ಇಲ್ಲಿರುವುದು ಗಣಿತ. ಸಾಮ್ಯವು ಅಲ್ಲಿಗೇ ನಿಲ್ಲಬೇಕು.

ಪರಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ, ವಿಜ್ಞಾನಕ್ಕೆ ಕನ್ನಡ ಸಾಲದೆಂದು ನಾವೇ ಹೇಳಿಬಿಡುವುದುಂಟು. ಬಂದ ರೂಪಕವನ್ನು ತೂಗಿನೋಡದೆ ಎತ್ತಿಕೊಂಡು, ಇದ್ದ ಪದವನ್ನು ಮರೆತರೆ, ಸಾಲದಾದುದು ಭಾಷೆಯಲ್ಲ, ನಮ್ಮ ವಿವೇಚನೆ.